ಕೆಚ್ಚಲಿಗೆ ಪಾಲಿಸುವ ನಿಯಮವೇ ಕಾರಿಗೂ: ಮನೆಯಂಗಳದಲ್ಲಿ ತೊಳೆದು ವ್ಯಾಕ್ಸ್ ಹಚ್ಚುವ ಸರಿಯಾದ ಕ್ರಮ



ಈಗ ನಮ್ಮ ಎಷ್ಟೋ ಸದಸ್ಯರ ಮನೆಯಂಗಳದಲ್ಲಿ ಕೊಟ್ಟಿಗೆಯ ಪಕ್ಕದಲ್ಲೇ ಒಂದು ಕಾರು ನಿಂತಿರುತ್ತದೆ. ಹೊಸದಿರಲಿ, ಸೆಕೆಂಡ್ ಹ್ಯಾಂಡ್ ಇರಲಿ, ಅದರ ಸಾಲದ ಕಂತಿಗೆ ಹಾಲಿನ ಬಟವಾಡೆಯ ಹಣವೂ ಸೇರಿರುತ್ತದೆ. ಮಕ್ಕಳನ್ನು ಆಸ್ಪತ್ರೆಗೆ ಕರೆದೊಯ್ಯುವುದೂ ಅದೇ ಕಾರು, ಡಿಕ್ಕಿಯಲ್ಲಿ ಹಿಂಡಿ ಮೂಟೆ ತರುವುದೂ ಅದೇ ಕಾರು. ಮಳೆ ಜೋರಾಗಿದ್ದ ದಿನ ಹಾಲಿನ ಕ್ಯಾನನ್ನೂ ಅದೇ ಹೊರುತ್ತದೆ.

ಹೀಗೆ ದುಡಿದು ಕೊಂಡ ಕಾರು ಮೂರು ನಾಲ್ಕು ವರ್ಷದಲ್ಲೇ ಮಂಕಾಗುತ್ತದೆ. ಬಾನೆಟ್ ಮೇಲೆ ಬಿಸಿಲಿಗೆ ಜೇಡರ ಬಲೆಯಂತೆ ಗೀರುಗಳು ಕಾಣುತ್ತವೆ. ಬಾಗಿಲಿನ ಕೆಳಗೆ ತುಕ್ಕು ಶುರುವಾಗುತ್ತದೆ. ಮಾರಲು ಹೋದರೆ ಕೊಳ್ಳುವವರು ಮೊದಲು ನೋಡುವುದು ಇದನ್ನೇ, ಬೆಲೆ ಇಳಿಸುವುದೂ ಇದನ್ನು ತೋರಿಸಿಯೇ. "ತೊಳೆಯದೆ ಬಿಟ್ಟದ್ದಕ್ಕೆ ಹೀಗಾಯಿತು" ಎಂದುಕೊಳ್ಳುತ್ತೇವೆ. ಆದರೆ ಆ ಸಣ್ಣ ಗೀರುಗಳಲ್ಲಿ ಹೆಚ್ಚಿನವು ಬೀಳುವುದು ತಪ್ಪಾಗಿ ತೊಳೆಯುವುದರಿಂದ.

ಸರಿಯಾಗಿ ತೊಳೆಯುವುದು ನಿಮಗೆ ಹೊಸ ವಿದ್ಯೆಯೇನಲ್ಲ. ಕೆಚ್ಚಲನ್ನು ಹೇಗೆ ನೋಡಿಕೊಳ್ಳುತ್ತೀರಿ? ಮೊದಲು ತೊಳೆಯುತ್ತೀರಿ. ಒಂದೊಂದು ಹಸುವಿಗೂ ಬೇರೆ ಬೇರೆ ಬಟ್ಟೆಯಲ್ಲಿ ಒರೆಸಿ ಒಣಗಿಸುತ್ತೀರಿ. ಹಾಲು ಕರೆದಾದ ಮೇಲೆ ಮೊಲೆತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ ರಕ್ಷಣೆ ಕೊಡುತ್ತೀರಿ. ಕಾರಿಗೂ ಈ ಮೂರೇ ಕೆಲಸ: ಕೊಳೆ ಬಿಡಿಸುವುದು, ಸ್ವಚ್ಛ ಬಟ್ಟೆಯಲ್ಲಿ ಒಣಗಿಸುವುದು, ಮೇಲೊಂದು ರಕ್ಷಣೆಯ ಪದರ ಕೊಡುವುದು.

ಕಾರಿನ ಬಣ್ಣ ಎಷ್ಟು ದಪ್ಪ?

ಕಾರಿನ ಮೈಮೇಲೆ ಬಣ್ಣ ಪದರ ಪದರವಾಗಿ ಇರುತ್ತದೆ. ಎಲ್ಲಕ್ಕಿಂತ ಕೆಳಗೆ ಕಬ್ಬಿಣದ ತಗಡು, ಅದರ ಮೇಲೆ ತುಕ್ಕು ತಡೆಯುವ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್. ಇವೆಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಹೊಳಪು ಕೊಡುವ ಮೇಲಿನ ಕ್ಲಿಯರ್ ಕೋಟ್ ನಮ್ಮ ತಲೆಗೂದಲಿಗಿಂತ ತೆಳು.

ಗೀರು ಬೀಳುವುದು ಈ ತೆಳು ಪದರದ ಮೇಲೆ. ಒಣ ಧೂಳಿನಲ್ಲಿ ಮರಳಿನ ಸಣ್ಣ ಕಣಗಳಿರುತ್ತವೆ. ಒಣ ಬಟ್ಟೆಯಿಂದ ದಿನಾ ಬೆಳಿಗ್ಗೆ ಕಾರು ಒರೆಸಿದರೆ ಆ ಕಣಗಳನ್ನೇ ಬಣ್ಣದ ಮೇಲೆ ಎಳೆದಂತೆ. ಕೊಬ್ಬರಿ ನಾರು, ಪಾತ್ರೆ ಉಜ್ಜುವ ಸ್ಕ್ರಬ್ಬರ್, ಕ್ಯಾನ್ ತೊಳೆಯುವ ಗಟ್ಟಿ ಬ್ರಷ್ ಇವನ್ನಂತೂ ಕಾರಿನ ಹತ್ತಿರ ತರಲೇಬಾರದು. ಕ್ಯಾನಿನ ಸ್ಟೀಲು ತಡೆಯುವ ಉಜ್ಜಾಟವನ್ನು ಈ ಪದರ ತಡೆಯುವುದಿಲ್ಲ.

ಹೈನುಗಾರರ ಮನೆಯಲ್ಲಿ ಕಾರಿಗೆ ಇರುವ ಶತ್ರುಗಳು

ಪೇಟೆಯ ಕಾರಿಗೆ ಇಲ್ಲದ ಕೆಲವು ತೊಂದರೆ ನಮ್ಮ ಅಂಗಳದ ಕಾರಿಗೆ ಇವೆ.

ಸಗಣಿ, ಗಂಜಲ: ಚಕ್ರಕ್ಕೆ ಸಿಕ್ಕಿದ ಸಗಣಿ ಮೇಲಕ್ಕೆ ಹಾರಿ ಮಡ್‌ಗಾರ್ಡಿನ ಒಳಗೆ ಮೆತ್ತಿಕೊಳ್ಳುತ್ತದೆ. ಅದು ಅಲ್ಲಿ ತೇವ ಹಿಡಿದಿಟ್ಟುಕೊಳ್ಳುವುದರಿಂದ ತುಕ್ಕಿಗೆ ಒಳ್ಳೆಯ ಜಾಗವಾಗುತ್ತದೆ. ಗಂಜಲದಿಂದ ಬರುವ ಅಮೋನಿಯ ಬಣ್ಣಕ್ಕೂ ಲೋಹಕ್ಕೂ ಒಳ್ಳೆಯದಲ್ಲ. ಸಾಧ್ಯವಾದಷ್ಟು ಗಂಜಲದ ಕಾಲುವೆಯಿಂದ ದೂರ ಕಾರು ನಿಲ್ಲಿಸಿ.

ಸುಣ್ಣ ಮತ್ತು ಬ್ಲೀಚಿಂಗ್ ಪುಡಿ: ಕೊಟ್ಟಿಗೆಗೆ ಎರಚುವಾಗ ಗಾಳಿಗೆ ಹಾರಿ ಕಾರಿನ ಮೇಲೆ ಕೂರುತ್ತವೆ. ಇಬ್ಬನಿಯೋ ಮಳೆಯೋ ಬಿದ್ದರೆ ಸುಣ್ಣದ ನೀರು ಬಣ್ಣದ ಮೇಲೆ ಕಲೆ ಮಾಡುತ್ತದೆ. ಎರಚುವ ದಿನ ಕಾರನ್ನು ಆಚೆ ನಿಲ್ಲಿಸಿ. ಬಿದ್ದಿದ್ದರೆ ಒರೆಸಬೇಡಿ, ಧಾರಾಳ ನೀರು ಹುಯ್ದು ತೊಳೆಯಿರಿ.

ಉಪ್ಪು ಮತ್ತು ಖನಿಜ ಮಿಶ್ರಣ: ಮೂಟೆ ಸೋರಿ ಡಿಕ್ಕಿಯ ಮೂಲೆಯಲ್ಲಿ ಉಪ್ಪು ಉಳಿದರೆ ಗಾಳಿಯ ತೇವವನ್ನು ಹೀರಿ ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಮೂಟೆಯ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ.

ಹಕ್ಕಿ ಹಿಕ್ಕೆ ಮತ್ತು ಮರದ ಅಂಟು: ನೆರಳಿಗೆಂದು ಮರದ ಕೆಳಗೆ ಕಾರು ನಿಲ್ಲಿಸುತ್ತೇವೆ. ಹಕ್ಕಿ ಹಿಕ್ಕೆಯಲ್ಲಿ ಆಮ್ಲವಿರುತ್ತದೆ. ಬಿಸಿಲಿನಲ್ಲಿ ಹಾಗೇ ಬಿಟ್ಟರೆ ಬಣ್ಣದ ಮೇಲೆ ಶಾಶ್ವತ ಗುರುತು ಬೀಳಬಹುದು. ಕಂಡ ದಿನವೇ ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹಾಸಿ, ನೆನೆದ ಮೇಲೆ ಮೆಲ್ಲಗೆ ಎತ್ತಿ ತೆಗೆಯಿರಿ. ಉಗುರಿನಿಂದ ಕೆರೆಯಬೇಡಿ.

ಹಾಲು: ಚೆಲ್ಲಿದ ಹಾಲು ಹುಳಿಯಾಗಿ ಆಮ್ಲವಾಗುತ್ತದೆ. ಹೊರಗೆ ಚೆಲ್ಲಿದರೆ ತೊಳೆದರಾಯಿತು. ಒಳಗೆ ಕಾರ್ಪೆಟ್ಟಿಗೆ ಇಳಿದರೆ ವಾಸನೆ ವಾರಗಟ್ಟಲೆ ಹೋಗುವುದಿಲ್ಲ. ಇಲ್ಲೂ ಕ್ಯಾನ್ ತೊಳೆಯುವ ಪಾಠವೇ ಅನ್ವಯಿಸುತ್ತದೆ. ಮೊದಲೇ ಕುದಿಯುವ ನೀರು ಹಾಕಿದರೆ ಹಾಲಿನ ಅಂಶ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆದ್ದರಿಂದ ತಣ್ಣೀರು ಹಾಕಿ, ಬಟ್ಟೆಯಿಂದ ಒತ್ತಿ ಒತ್ತಿ ಹೀರಿಸಿ. ಎರಡು ಮೂರು ಸಲ ಹೀಗೆ ಮಾಡಿ ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ, ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಗುಡಿಸಿ ತೆಗೆಯಿರಿ.

ಬೇಕಾದ ಸಾಮಾನು

ಎರಡು ಬಕೆಟ್, ಒಂದು ಚೊಂಬು ಅಥವಾ ಮಗ್, ಕಾರಿನ ಶಾಂಪೂ, ನಾಲ್ಕೈದು ಮೈಕ್ರೋಫೈಬರ್ ಬಟ್ಟೆ, ಚಕ್ರಕ್ಕೆ ಒಂದು ಬೇರೆ ಬ್ರಷ್, ಒಂದು ಡಬ್ಬಿ ಕಾರ್ ವ್ಯಾಕ್ಸ್. ಇಷ್ಟೇ ಸಾಕು. ತಾಲ್ಲೂಕು ಕೇಂದ್ರದ ವಾಹನ ಬಿಡಿಭಾಗಗಳ ಅಂಗಡಿಯಲ್ಲಿ ಎಲ್ಲವೂ ಸಿಗುತ್ತವೆ.

ಬಟ್ಟೆ ತೊಳೆಯುವ ಪುಡಿ, ಪಾತ್ರೆ ಸೋಪು, ವಾಷಿಂಗ್ ಸೋಡಾ ಯಾಕೆ ಬೇಡ? ಇವು ಜಿಡ್ಡು ಕೀಳಲೆಂದೇ ಮಾಡಿದವು. ಕಾರಿನ ಮೇಲಿರುವ ವ್ಯಾಕ್ಸ್ ಕೂಡ ಒಂದು ಬಗೆಯ ಜಿಡ್ಡೇ. ಒಂದೆರಡು ತೊಳೆತಕ್ಕೆ ಅದನ್ನೂ ಕಿತ್ತು ಹಾಕುತ್ತವೆ. ವಾಷಿಂಗ್ ಸೋಡಾದ ಕ್ಷಾರ ಬಣ್ಣವನ್ನೂ ಮಂಕು ಮಾಡುತ್ತದೆ. ಕ್ಯಾನಿನ ಕಲ್ಲು ತೆಗೆಯುವ ಆಮ್ಲದ ದ್ರಾವಣವನ್ನಂತೂ ಕಾರಿಗೆ ಮುಟ್ಟಿಸಲೇಬೇಡಿ.

ಹಳೆಯ ಹತ್ತಿ ಸೀರೆ, ಬನಿಯನ್ ಇದ್ದರೆ ಚಕ್ರಕ್ಕೆ, ಬಾಗಿಲಿನ ಒಳ ಅಂಚಿಗೆ ಬಳಸಬಹುದು. ಬಾನೆಟ್ಟಿಗೂ ಬಾಗಿಲಿಗೂ ಮೈಕ್ರೋಫೈಬರ್ ಬಟ್ಟೆಯೇ ಮೇಲು. ಅದರ ಎಳೆಗಳ ಸಂದಿಯಲ್ಲಿ ಧೂಳು ಒಳಗೆ ಸೇರಿಕೊಳ್ಳುತ್ತದೆ, ಬಣ್ಣದ ಮೇಲೆ ಉಜ್ಜುವುದಿಲ್ಲ. ಜರಿ, ಗುಂಡಿ, ಹುಕ್ಕು ಇರುವ ಯಾವ ಬಟ್ಟೆಯೂ ಬೇಡ.

ಸೀಮೆಎಣ್ಣೆ, ಡೀಸೆಲ್, ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಹೊಳಪು ಬರುತ್ತದೆ ಎಂಬ ಮಾತು ಊರಲ್ಲಿ ಕೇಳುತ್ತೀರಿ. ಆ ಹೊಳಪು ಎಣ್ಣೆಯದು, ಬಣ್ಣದ್ದಲ್ಲ. ಸಂಜೆಯೊಳಗೆ ಅದರ ಮೇಲೆ ಧೂಳು ಅಂಟುತ್ತದೆ. ಡೀಸೆಲ್ ತಗುಲಿದ ಕಿಟಕಿಯ ರಬ್ಬರು ಉಬ್ಬಿ ಹಾಳಾಗುತ್ತದೆ.

ತೊಳೆಯುವ ಕ್ರಮ

ಸಮಯ: ಬೆಳಗಿನ ಹಾಲು ಡೇರಿಗೆ ಹಾಕಿ ಬಂದ ಮೇಲೆ ಬಿಸಿಲು ಏರುವ ಮೊದಲು, ಇಲ್ಲವೇ ಸಂಜೆ ಬಿಸಿಲು ಇಳಿದ ಮೇಲೆ. ಬಾನೆಟ್ ಮೇಲೆ ಅಂಗೈ ಇಟ್ಟರೆ ತಣ್ಣಗಿರಬೇಕು. ಬಿಸಿ ತಗಡಿನ ಮೇಲೆ ಸೋಪು ನೀರು ತೊಳೆಯುವ ಮೊದಲೇ ಒಣಗಿ ಕಲೆಯಾಗುತ್ತದೆ.

ಒಂದು: ಮೊದಲು ಚಕ್ರಗಳು. ಎಲ್ಲಕ್ಕಿಂತ ಹೆಚ್ಚು ಕೊಳೆ ಇರುವುದು ಅಲ್ಲೇ. ಕೊನೆಗೆ ಚಕ್ರ ತೊಳೆದರೆ ಆ ಕೊಳೆ ತೊಳೆದ ಮೈಗೆ ಮತ್ತೆ ಸಿಡಿಯುತ್ತದೆ. ಮಡ್‌ಗಾರ್ಡಿನ ಒಳಭಾಗಕ್ಕೆ ನೀರು ಹುಯ್ದು, ಬ್ರಷ್‌ನಿಂದ ಸಗಣಿ, ಕೆಸರು ಬಿಡಿಸಿ. ಈ ಬ್ರಷ್ ಚಕ್ರಕ್ಕೆ ಮಾತ್ರ.

ಎರಡು: ಕೈ ಹಚ್ಚುವ ಮೊದಲು ಬರೀ ನೀರು. ಚಾವಣಿಯಿಂದ ಶುರುಮಾಡಿ ಕೆಳಮುಖವಾಗಿ ಚೊಂಬಿನಿಂದ ನೀರು ಹುಯ್ಯಿರಿ. ಎರಡು ನಿಮಿಷ ನೆನೆಯಲು ಬಿಟ್ಟು ಇನ್ನೊಮ್ಮೆ ಹುಯ್ಯಿರಿ. ಗೀರು ಮಾಡುವ ಮರಳು ಹೆಚ್ಚಾಗಿ ಇಲ್ಲೇ ಇಳಿದು ಹೋಗುತ್ತದೆ. ಈ ಹಂತವನ್ನು ಬಿಟ್ಟರೆ ಮುಂದಿನ ಎಚ್ಚರಿಕೆಯೆಲ್ಲ ದಂಡ.

ಮೂರು: ಎರಡು ಬಕೆಟ್. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಶಾಂಪೂ ನೀರಿನಲ್ಲಿ ಅದ್ದಿ ಒಂದು ಭಾಗ ಒರೆಸಿ. ಮತ್ತೆ ಶಾಂಪೂವಿಗೆ ಅದ್ದುವ ಮೊದಲು ಬರೀ ನೀರಿನ ಬಕೆಟ್ಟಿನಲ್ಲಿ ಜಾಲಿಸಿ ಹಿಂಡಿ. ಒಂದು ಹಸುವಿಗೆ ಬಳಸಿದ ಬಟ್ಟೆಯನ್ನು ಇನ್ನೊಂದರ ಕೆಚ್ಚಲಿಗೆ ಒರೆಸಿದರೆ ಕೆಚ್ಚಲು ಬಾವು ಹರಡುತ್ತದೆಂದು ನಿಮಗೆ ಗೊತ್ತು. ಇಲ್ಲೂ ಅದೇ. ಬಟ್ಟೆ ಜಾಲಿಸದಿದ್ದರೆ ಬಾಗಿಲಿನ ಮರಳು ಬಾನೆಟ್ಟಿಗೆ ಬರುತ್ತದೆ.

ನಾಲ್ಕು: ಮೇಲಿನಿಂದ ಕೆಳಕ್ಕೆ. ಚಾವಣಿ, ಗಾಜುಗಳು, ಬಾನೆಟ್, ಡಿಕ್ಕಿ, ಬಾಗಿಲಿನ ಮೇಲ್ಭಾಗ, ಕೊನೆಗೆ ಬಾಗಿಲಿನ ಕೆಳಭಾಗ ಮತ್ತು ಬಂಪರ್. ಸುತ್ತು ಸುತ್ತಾಗಿ ಉಜ್ಜಬೇಡಿ, ನೇರ ಗೆರೆಯಲ್ಲಿ ಹಗುರವಾಗಿ ಎಳೆಯಿರಿ. ಒತ್ತಡ ಬೇಡ, ಶಾಂಪೂ ತನ್ನ ಕೆಲಸ ಮಾಡುತ್ತದೆ. ಬಟ್ಟೆ ಕೆಳಗೆ ಬಿದ್ದರೆ ಅದನ್ನು ಪಕ್ಕಕ್ಕಿಟ್ಟು ಬೇರೆಯದನ್ನು ತೆಗೆದುಕೊಳ್ಳಿ. ನೆಲದ ಮರಳು ಅದಕ್ಕೆ ಅಂಟಿರುತ್ತದೆ.

ಐದು: ಒಂದು ಭಾಗ ಮುಗಿದೊಡನೆ ನೀರು ಹುಯ್ದು ತೊಳೆಯಿರಿ. ಇಡೀ ಕಾರಿಗೆ ನೊರೆ ಹಚ್ಚಿ ಆಮೇಲೆ ತೊಳೆಯುತ್ತೇನೆಂದರೆ ಮೊದಲು ಹಚ್ಚಿದ್ದು ಒಣಗಿರುತ್ತದೆ.

ಒಣಗಿಸುವುದನ್ನು ಬಿಡಬೇಡಿ

ತೊಳೆದು ಬಿಸಿಲಿಗೆ ಬಿಟ್ಟರೆ ತಾನೇ ಒಣಗುತ್ತದೆ ಎಂದುಕೊಳ್ಳುವವರೇ ಹೆಚ್ಚು. ಗಡುಸು ನೀರಿನ ಬೋರ್‌ವೆಲ್ ಇರುವ ಊರುಗಳಲ್ಲಿ ಇದೇ ದೊಡ್ಡ ತಪ್ಪು. ನೀರು ಆರಿದ ಮೇಲೆ ಅದರಲ್ಲಿದ್ದ ಸುಣ್ಣದ ಅಂಶ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ. ಸರಿಯಾಗಿ ತೊಳೆಯದ ಕ್ಯಾನಿನ ಒಳಗೆ ಕಟ್ಟುವ ಬಿಳಿ ಕಲ್ಲಿನಲ್ಲೂ ಗಡುಸು ನೀರಿನ ಪಾಲಿದೆ.

ಆದ್ದರಿಂದ ಕೊನೆಯ ನೀರು ಹುಯ್ದ ಕೂಡಲೇ ಒಣ ಮೈಕ್ರೋಫೈಬರ್ ಬಟ್ಟೆಯನ್ನು ಮೈಮೇಲೆ ಹಾಸಿ ಮೆಲ್ಲಗೆ ಎಳೆಯಿರಿ. ಬಟ್ಟೆ ಒದ್ದೆಯಾದರೆ ಹಿಂಡಿ, ಇಲ್ಲವೇ ಬದಲಿಸಿ. ಬಾಗಿಲು, ಡಿಕ್ಕಿ ತೆರೆದು ಒಳ ಅಂಚಿನಲ್ಲಿ ನಿಂತ ನೀರನ್ನೂ ಒರೆಸಿ. ತುಕ್ಕು ಶುರುವಾಗುವುದು ಅಲ್ಲಿಂದಲೇ. ಮಳೆನೀರು ಹಿಡಿದಿಟ್ಟಿದ್ದರೆ ಕೊನೆಯ ಬಕೆಟ್ಟಿಗೆ ಅದನ್ನೇ ಬಳಸಿ. ಮಳೆನೀರು ಮೆದು, ಚುಕ್ಕೆ ಬೀಳುವುದಿಲ್ಲ.

ಈಗಾಗಲೇ ಚುಕ್ಕೆ ಇದ್ದರೆ ಅಡುಗೆಯ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಗೆ ಹಾಕಿ ಆ ಜಾಗವನ್ನು ಮಾತ್ರ ಒರೆಸಿ, ತಕ್ಷಣ ನೀರಿನಿಂದ ತೊಳೆಯಿರಿ. ಹೊಸ ಚುಕ್ಕೆಗಳು ಹೋಗುತ್ತವೆ. ವರ್ಷಗಟ್ಟಲೆ ಉಳಿದವು ಹೋಗದಿದ್ದರೆ ಬಲವಂತ ಮಾಡಬೇಡಿ.

ವ್ಯಾಕ್ಸ್ ಎಂದರೇನು, ಹೇಗೆ ಹಚ್ಚಬೇಕು?

ವ್ಯಾಕ್ಸ್ ಎಂದರೆ ಮೇಣ. ಕಾರಿನ ಮೇಣಗಳಲ್ಲಿ ಹೆಸರಾದದ್ದು ಕಾರ್ನೌಬಾ. ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆಯ ಎಲೆಯ ಮೇಲಿನ ಮೇಣ ಅದು. ಒಣ ಸೀಮೆಯ ಬಿಸಿಲಿಗೆ ಎಲೆಯ ನೀರು ಆರಿಹೋಗದಂತೆ ಮರವೇ ಮಾಡಿಕೊಂಡ ಹೊದಿಕೆ. ನಮ್ಮ ಕೆಸುವಿನ ಎಲೆಯ ಮೇಲೆ ನೀರು ಮುತ್ತಿನಂತೆ ಉರುಳುತ್ತದಲ್ಲ, ಅಲ್ಲೂ ಮೇಣದ ಪಾತ್ರವಿದೆ. ಕಾರಿನ ಮೇಲೂ ಮೇಣ ಇದ್ದರೆ ನೀರು ನಿಲ್ಲದೆ ಜಾರುತ್ತದೆ, ಹಿಕ್ಕೆ ಸಗಣಿ ಬೇಗ ಬಿಡುತ್ತವೆ. ಸಿಂಥೆಟಿಕ್ ವ್ಯಾಕ್ಸ್‌ಗಳೂ ಇವೆ. ಅವು ಸಾಮಾನ್ಯವಾಗಿ ಕಾರ್ನೌಬಾಕ್ಕಿಂತ ಹೆಚ್ಚು ದಿನ ಬಾಳುತ್ತವೆ.

ಅಂಗಡಿಯಲ್ಲಿ ಒಂದು ವಿಷಯ ಸರಿಯಾಗಿ ಕೇಳಿ. ವ್ಯಾಕ್ಸ್ ಬೇರೆ, ರಬ್ಬಿಂಗ್ ಕಾಂಪೌಂಡ್ ಬೇರೆ. ಎರಡನ್ನೂ "ಪಾಲಿಶ್" ಎಂದು ಕರೆದು ಕೊಡುವವರಿದ್ದಾರೆ. ವ್ಯಾಕ್ಸ್ ಮೇಲೊಂದು ಪದರ ಕೊಡುತ್ತದೆ. ಕಾಂಪೌಂಡ್ ಕ್ಲಿಯರ್ ಕೋಟನ್ನೇ ಸ್ವಲ್ಪ ಸವೆಸಿ ಗೀರು ಮರೆಸುತ್ತದೆ. ಅದನ್ನು ಮೂರು ತಿಂಗಳಿಗೊಮ್ಮೆ ಉಜ್ಜುತ್ತಾ ಹೋದರೆ ಉಳಿಯುವುದು ಏನೂ ಇಲ್ಲ. ಡಬ್ಬಿಯ ಮೇಲೆ "ವ್ಯಾಕ್ಸ್" ಎಂದಿದೆಯೇ ಎಂದು ಮನೆಯ ಮಕ್ಕಳ ಕೈಲಾದರೂ ಓದಿಸಿ ನೋಡಿ.

ಹಚ್ಚುವ ಕ್ರಮ ಹೀಗೆ:

• ಕಾರು ತೊಳೆದು ಪೂರ್ತಿ ಒಣಗಿರಬೇಕು, ನೆರಳಿನಲ್ಲಿರಬೇಕು. ಧೂಳಿನ ಮೇಲೆ ವ್ಯಾಕ್ಸ್ ಹಚ್ಚಿದರೆ ಉಪ್ಪುಕಾಗದದಿಂದ ಉಜ್ಜಿದಂತೆ.

• ಡಬ್ಬಿಯ ಜೊತೆ ಬರುವ ಸ್ಪಾಂಜಿಗೆ ಬೆರಳ ತುದಿಯಷ್ಟು ವ್ಯಾಕ್ಸ್ ತೆಗೆದುಕೊಳ್ಳಿ. ಮೊದಲು ಒಂದು ಮೂಲೆಯಲ್ಲಿ ಹಚ್ಚಿ ನೋಡಿ.

• ಒಂದು ಸಲಕ್ಕೆ ಒಂದೇ ಭಾಗ. ಅರ್ಧ ಬಾನೆಟ್, ಆಮೇಲೆ ಇನ್ನರ್ಧ. ಕಂಡೂ ಕಾಣದಷ್ಟು ತೆಳುವಾಗಿ ಹಚ್ಚಿ. ದಪ್ಪ ಹಚ್ಚಿದರೆ ರಕ್ಷಣೆ ಹೆಚ್ಚಾಗುವುದಿಲ್ಲ, ಒರೆಸುವಾಗ ಕೈ ಸೋಲುತ್ತದೆ.

• ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ಬೆರಳಿನಿಂದ ಒಂದು ಗೆರೆ ಎಳೆದಾಗ ಜಾಗ ಅಂಟದೆ ಸ್ವಚ್ಛವಾಗಿ ಬಿಟ್ಟರೆ ಒಣಗಿದೆ ಎಂದರ್ಥ.

• ಬೇರೆ ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ ತೆಗೆಯಿರಿ. ಬಟ್ಟೆಯ ಮಡಿಕೆಯನ್ನು ಆಗಾಗ ಬದಲಿಸಿ.

• ಕಪ್ಪು ಪ್ಲಾಸ್ಟಿಕ್, ರಬ್ಬರ್, ಗಾಜಿಗೆ ತಗುಲದಿರಲಿ. ಪ್ಲಾಸ್ಟಿಕ್ ಮೇಲೆ ಬಿಳಿ ಕಲೆ ಉಳಿಯುತ್ತದೆ. ಮುಂದಿನ ಗಾಜಿನ ಮೇಲೆ ವ್ಯಾಕ್ಸ್ ಇದ್ದರೆ ಮಳೆಯಲ್ಲಿ ವೈಪರ್ ಎಳೆದಾಗ ಮಸುಕಾಗಿ ದಾರಿ ಕಾಣುವುದಿಲ್ಲ.

ಮತ್ತೆ ಯಾವಾಗ ಹಚ್ಚಬೇಕು? ತೊಳೆಯುವಾಗ ನೀರು ಹನಿ ಹನಿಯಾಗಿ ನಿಂತು ಉರುಳಿದರೆ ವ್ಯಾಕ್ಸ್ ಇದೆ. ಹಾಳೆಯಂತೆ ಹರಡಿ ನಿಂತರೆ ಮುಗಿದಿದೆ. ಬಿಸಿಲಿನಲ್ಲೇ ನಿಲ್ಲುವ ಕಾರಿಗೆ ಎರಡು ಮೂರು ತಿಂಗಳಿಗೊಮ್ಮೆ ಸಾಕು. ವರ್ಷಕ್ಕೆ ಎರಡೇ ಸಲ ಆಗುವುದಾದರೆ ಮುಂಗಾರಿಗೆ ಮುನ್ನ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಹಚ್ಚಿ.

ಸ್ಕೂಟರ್, ಮೊಪೆಡ್ ಇರುವವರಿಗೆ

ಕ್ರಮ ಇದೇ. ಇಂಜಿನ್ ಮತ್ತು ಸೈಲೆನ್ಸರ್ ತಣ್ಣಗಾದ ಮೇಲೆ ನೀರು ಹಾಕಿ, ಸೈಲೆನ್ಸರ್ ಬಾಯಿಗೆ ನೀರು ಹೋಗದಂತೆ ನೋಡಿಕೊಳ್ಳಿ. ಸೀಟು, ಕಾಲಿಡುವ ಜಾಗ, ಹ್ಯಾಂಡಲಿನ ಹಿಡಿ, ಟೈರು, ಬ್ರೇಕಿನ ಡಿಸ್ಕು ಇವಕ್ಕೆ ವ್ಯಾಕ್ಸ್ ಹಚ್ಚಲೇಬೇಡಿ. ಹಿಂದೆ ಕ್ಯಾನ್ ಕಟ್ಟಿಕೊಂಡು ಹೋಗುವವರಿಗೆ ಕೈಯೋ ಕಾಲೋ ಜಾರಿದರೆ ಪ್ರಾಣಕ್ಕೇ ಅಪಾಯ. ಸ್ಕೂಟರಿರಲಿ ಕಾರಿರಲಿ, ತೊಳೆದ ಮೇಲೆ ನಿಧಾನಕ್ಕೆ ಓಡಿಸಿ ಎರಡು ಮೂರು ಸಲ ಬ್ರೇಕ್ ಒತ್ತಿ ಒಣಗಿಸಿಕೊಂಡೇ ರಸ್ತೆಗೆ ಹೋಗಿ.

ನೀರಿನ ಲೆಕ್ಕ

ಪೈಪಿನಲ್ಲಿ ನಿಮಿಷಕ್ಕೆ 15 ಲೀಟರ್ ಬಂದರೆ ಹತ್ತು ನಿಮಿಷಕ್ಕೆ 150 ಲೀಟರ್ ಹೋಯಿತು. ಹಾಲು ಕೊಡುವ ಮಿಶ್ರತಳಿ ಹಸುವಿಗೆ ದಿನಕ್ಕೆ 60ರಿಂದ 80 ಲೀಟರ್ ಕುಡಿಯುವ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಅಂದರೆ ಪೈಪು ಬಿಟ್ಟು ಕಾರು ತೊಳೆದರೆ ಎರಡು ಹಸುಗಳ ಒಂದು ದಿನದ ನೀರು ಹೋದಂತೆ. ಬಕೆಟ್ಟು ಚೊಂಬಿನಲ್ಲಿ ಐದಾರು ಬಕೆಟ್ಟಿಗೆ ಕೆಲಸ ಮುಗಿಯುತ್ತದೆ. 2024ರ ಮಾರ್ಚ್ ತಿಂಗಳ ನೀರಿನ ಬರದಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನೇ ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಎಂದು ಆದೇಶಿಸಿತ್ತು. ನಮ್ಮ ಊರಿಗೆ ದಂಡವಿಲ್ಲದಿರಬಹುದು, ಬೋರ್‌ವೆಲ್ ಬತ್ತಿದರೆ ನಷ್ಟ ನಮ್ಮದೇ. ಬೇಸಿಗೆಯಲ್ಲಿ ಪೂರ್ತಿ ತೊಳೆಯುವುದನ್ನು ತಿಂಗಳಿಗೊಮ್ಮೆ ಇಟ್ಟುಕೊಳ್ಳಿ. ಮಿಕ್ಕ ದಿನ ಹಿಕ್ಕೆ, ಸಗಣಿ ಬಿದ್ದ ಜಾಗ ಮಾತ್ರ ನೆನೆಸಿ ತೆಗೆಯಿರಿ.

ಹಾಲು ಮತ್ತು ಹಸುವಿನ ರಕ್ಷಣೆ ಮೊದಲು

ಕಾರಿನ ಕೆಲಸದಿಂದ ಕೊಟ್ಟಿಗೆಗೆ ತೊಂದರೆಯಾಗಬಾರದು. ಇದನ್ನು ಮನೆಯವರೆಲ್ಲರಿಗೂ ಹೇಳಿ.

• ಹಾಲು ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ವ್ಯಾಕ್ಸ್, ಪೆಟ್ರೋಲ್, ಡೀಸೆಲ್ ಡಬ್ಬಿಯ ಜೊತೆ ಹಾಲಿನ ಕ್ಯಾನ್ ಇಡಬೇಡಿ. ವಾಸನೆ ಬಂದ ಹಾಲನ್ನು ಸಂಘದಲ್ಲಿ ತಿರಸ್ಕರಿಸಿದರೆ ಆ ಹೊತ್ತಿನ ದುಡಿಮೆಯೇ ಹೋಯಿತು.

• ವ್ಯಾಕ್ಸ್ ಹಚ್ಚಿದ ಕೈಯನ್ನು ಸೋಪಿನಿಂದ ಮೊಣಕೈವರೆಗೆ ತೊಳೆಯದೆ ಹಾಲು ಕರೆಯಲು ಕೂರಬೇಡಿ.

• ಕಾರಿನ ಬಟ್ಟೆ ಕಾರಿಗೆ, ಕೆಚ್ಚಲಿನ ಬಟ್ಟೆ ಕೆಚ್ಚಲಿಗೆ. ಕಾರಿನ ಬಟ್ಟೆಗಳ ಬಣ್ಣವೇ ಬೇರೆ ಇರಲಿ, ಬೇರೆ ಗೂಟಕ್ಕೆ ಒಣಹಾಕಿ.

• ಕಾರು ತೊಳೆದ ಬಕೆಟ್ಟಿನಲ್ಲಿ ಹಸುವಿಗೆ ನೀರು, ಬೂಸ ಕಲಸಿ ಕೊಡಬೇಡಿ.

• ತೊಳೆದ ನೀರು ಕುಡಿಯುವ ನೀರಿನ ತೊಟ್ಟಿ, ಬಾವಿ, ಮೇವಿನ ತಾಕಿನ ಕಡೆಗೆ ಹರಿಯದಂತೆ ಜಾಗ ಆರಿಸಿಕೊಳ್ಳಿ.

• ಶಾಂಪೂ, ವ್ಯಾಕ್ಸ್ ಡಬ್ಬಿಗಳು ಮಕ್ಕಳಿಗೂ ಕರುಗಳಿಗೂ ಎಟುಕದ ಎತ್ತರದಲ್ಲಿರಲಿ. ಅಯೋಡಿನ್ ದ್ರಾವಣದ ಪಕ್ಕದಲ್ಲಂತೂ ಇಡಬೇಡಿ, ಅವಸರದಲ್ಲಿ ಒಂದಕ್ಕೆ ಬದಲು ಇನ್ನೊಂದು ಕೈಗೆ ಬರುತ್ತದೆ.

ತೊಳೆದು ಒಣಗಿಸಲು ಒಬ್ಬರಿಗೆ ಸುಮಾರು ಒಂದು ಗಂಟೆ, ವ್ಯಾಕ್ಸ್ ಹಚ್ಚುವ ದಿನ ಇನ್ನೊಂದು ಗಂಟೆ. ಎಲ್ಲವನ್ನೂ ನೀವೊಬ್ಬರೇ ಮಾಡಬೇಕೆಂದೇನಿಲ್ಲ. ಕಾರು ಓಡಿಸುವವರ ಕೈಗೇ ಬಕೆಟ್ಟು ಕೊಡಿ, ಕ್ರಮವನ್ನು ನೀವು ಹೇಳಿಕೊಡಿ. ಮುಂದಿನ ಸಲ ತೊಳೆಯುವಾಗ ಬಾನೆಟ್ ಮೇಲೆ ಒಂದು ಚೊಂಬು ನೀರು ಹುಯ್ದು ನೋಡಿ. ಹನಿಯಾಗಿ ಉರುಳಿದರೆ ಸರಿ, ಹರಡಿ ನಿಂತರೆ ಆ ದಿನವೇ ವ್ಯಾಕ್ಸ್ ಡಬ್ಬಿ ತೆರೆಯಿರಿ.